ಗಂಜಿ ಹಚ್ಚಿದ ನಲವತ್ತೈದು ಮೀಟರ್ ಟೇಪು

೧೯೮೬ರ ಐಪ್ಪಸಿ ತಿಂಗಳು, ದೀಪಾವಳಿಯ ಆಸುಪಾಸು. ನಮ್ಮ ಕೊಂಗುನಾಡಿನಲ್ಲಿ ಅದು ಮಳೆ ಹಿಡಿಯುವ ಕಾಲ. ಕೋಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ವಿಸಿಆರ್ ರಿಪೇರಿಯ ಅಂಗಡಿ ತೆರೆದು ನಾಲ್ಕು ವರ್ಷವಾಗಿತ್ತು. ಯಾವ ಇನ್‌ಸ್ಟಿಟ್ಯೂಟಿನಲ್ಲೂ ಕಲಿತವನಲ್ಲ. ರೇಡಿಯೋ ಬಿಚ್ಚುತ್ತ ಬೆಳೆದು, ಸರ್ವೀಸ್ ಮ್ಯಾನ್ಯುಯಲ್‌ಗಳನ್ನು ನಿಘಂಟು ಇಟ್ಟುಕೊಂಡು ಓದಿದವನು.

ಆ ದಿನಗಳಲ್ಲಿ ನಮ್ಮ ಕಸುಬಿನಲ್ಲಿ ಒಂದು ಮಾತು ಚಲಾವಣೆಯಲ್ಲಿತ್ತು: ನೀರು ತಾಗಿದ ಟೇಪು ಸತ್ತ ಟೇಪು. ಮದ್ರಾಸಿನಲ್ಲಿ ತರಬೇತಿ ಪಡೆದು ಬಂದ ಎಂಜಿನಿಯರ್‌ಗಳು ಹೇಳುತ್ತಿದ್ದರು, ನಾವು ಗಿಳಿಗಳಂತೆ ಗಿರಾಕಿಗಳಿಗೆ ಒಪ್ಪಿಸುತ್ತಿದ್ದೆವು. ಯಾರ ಮಾತನ್ನೂ ಸುಲಭಕ್ಕೆ ಒಪ್ಪದ ನಾನು ಇದೊಂದನ್ನು ಪರೀಕ್ಷಿಸದೆಯೇ ನಾಲ್ಕು ವರ್ಷ ಹೇಳಿಕೊಂಡು ಬಂದಿದ್ದೆ.

ಒಂದು ಬೆಳಿಗ್ಗೆ ಧಾರಾಪುರಂ ಕಡೆಯ ಹಳ್ಳಿಯೊಂದರಿಂದ ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಬಂದಳು. ಹೆಸರು ರುಕ್ಮಿಣಿ. ನಮ್ಮಂತೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಕಾರರ ಮನೆಯವಳು. ಜೊತೆಗೆ ಆಕೆಯ ದೊಡ್ಡಪ್ಪ ಚಿನ್ನಪ್ಪ. ಆಕೆಯ ಕೈಯಲ್ಲಿ ಕ್ಯಾಸೆಟ್ ಇರಲಿಲ್ಲ. ನೂಲು ಸುತ್ತುವ ಬಿದಿರಿನ ಚೌಕಟ್ಟಿತ್ತು. ಅದರ ಮೇಲೆ ಕಪ್ಪಗೆ ಹೊಳೆಯುವ ವಿಡಿಯೋ ಟೇಪನ್ನು ಸುತ್ತಿದ್ದರು.

"ಇದೇನಮ್ಮಾ, ಸೀರೆ ನೇಯೋಕಾ?" ಎಂದೆ.

"ನಗಬೇಡೀಂಗ ಅಣ್ಣಾ. ಮಗ್ಗದ ಕೆಳಗೆ ಕಾಲಿಡೋ ಗುಂಡಿಗೆ ಮಳೆನೀರು ನುಗ್ಗಿತ್ತು. ಕ್ಯಾಸೆಟ್ ಅದರಲ್ಲೇ ಬಿದ್ದಿತ್ತು. ಬಿಚ್ಚಿ, ಪಾವು ಹಾಕಿ ಒಣಗಿಸಿದೆವು."

ಪಾವು ಎಂದರೆ ಹಾಸುನೂಲು. ನೇಕಾರರ ಬೀದಿಯಲ್ಲಿ ಬೆಳಿಗ್ಗೆ ಗೂಟಗಳ ನಡುವೆ ಅದನ್ನು ಉದ್ದಕ್ಕೆ ಎಳೆದು, ಗಂಜಿ ಹಚ್ಚಿ ಒಣಗಿಸುತ್ತಾರೆ. ಅನುಮಾನದಿಂದ ಟೇಪನ್ನು ಮುಟ್ಟಿದೆ. ಮೂರರಲ್ಲಿ ಒಂದು ಪಾಲು ಹಪ್ಪಳದಂತೆ ಬಿರುಸಾಗಿತ್ತು.

"ಇದಕ್ಕೂ ಗಂಜಿ ಹಚ್ಚಿದಿರಾ?"

ಚಿನ್ನಪ್ಪ ಕೊಡೆಯ ತುದಿ ನೋಡುತ್ತ ನಿಂತ. "ತೊವಳ್ತಾ ಇತ್ತು, ನೆಟ್ಟಗೆ ನಿಲ್ಲಲಿಲ್ಲ. ಕಂಜಿ ಇಲ್ಲದೆ ಯಾವ ಎಳೆ ನಿಲ್ತದೆ, ನೀವೇ ಹೇಳೀಂಗ?"

"ಅದು ಎಳೆಯಲ್ಲ ದೊಡ್ಡಪ್ಪಾ!"

"ಬಸ್ಸಿನಲ್ಲಿ ಮೂರು ಸಲ ಹೇಳಿದೆಯಲ್ಲಾ ಕಣ್ಣು. ತಿಳೀತು ಬಿಡು." ಮುದ್ದಿನ ಮಕ್ಕಳನ್ನು ನಮ್ಮ ಕಡೆ ಕಣ್ಣು ಎಂದೇ ಕರೆಯುವುದು.

ಟೇಪಿನಲ್ಲಿ ಏನಿದೆ ಎಂದು ಕೇಳಿದೆ. ಆಕೆಯ ತಂದೆ ನಂಜಪ್ಪ ಸೀರೆಯ ಒಂದು ಹಳೆಯ ಅಂಚು ನೇಯುವುದರಲ್ಲಿ ನಿಪುಣ. ಅಂಚಿನ ಚಿತ್ತಾರ ಮೂಡಲು ಯಾವ ಎಳೆ ಯಾವಾಗ ಏಳಬೇಕೆಂಬುದನ್ನು ಮಗ್ಗದ ಮೇಲೆ ದಾರಗಳಲ್ಲಿ ಕಟ್ಟಿಡುತ್ತಾರೆ. ಅದಕ್ಕೆ ಅಡೆ ಎನ್ನುತ್ತಾರೆ. ಆ ಅಂಚಿನ ಅಡೆ ಕಟ್ಟುವ ಕ್ರಮ ನಂಜಪ್ಪನ ತಲೆಯಲ್ಲಿ ಮಾತ್ರ ಇತ್ತು. ಹಿಂದಿನ ವರ್ಷ ಮದುವೆಗೆಂದು ಕ್ಯಾಮೆರಾ ತಂದಿದ್ದ ನೆಂಟನೊಬ್ಬ, ನಂಜಪ್ಪ ಅಡೆ ಕಟ್ಟುವುದನ್ನು ಅರ್ಧ ಗಂಟೆ ತಮಾಷೆಗೆ ಹಿಡಿದಿದ್ದ. ಆಮೇಲೆ ನಂಜಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಈಗ ಗುಂಡಿಗೆ ನೀರು ನುಗ್ಗಿದ ಮಳೆಯಲ್ಲೇ ಅಡೆಯೂ ನೆನೆದು ಕೊಳೆತಿತ್ತು.

"ಹೊಸ ಅಡೆ ನಾನೇ ಕಟ್ಟಬೇಕು. ಇಲ್ಲದಿದ್ದರೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮಗ್ಗ ಬಿಚ್ಚಿ, ನನ್ನನ್ನು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿಸ್ತಾರಂತೆ."

"ಹೆಂಗಸರು ಅಡೆ ಕಟ್ಟಿದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ," ಎಂದ ಚಿನ್ನಪ್ಪ.

"ಟೇಪಿಗೆ ಕಂಜಿ ಹಚ್ಚಿದ್ದನ್ನೂ ಯಾರೂ ಕಂಡಿರಲಿಲ್ಲ," ಎಂದಳು ಆಕೆ.

ಪಕ್ಕದ ಬೀದಿಯ ಸರ್ವೀಸ್ ಸೆಂಟರಿನ ಎಂಜಿನಿಯರ್‌ಗೆ ತೋರಿಸಿದೆ. ಆತ ಚೌಕಟ್ಟನ್ನು ಒಮ್ಮೆ ತಿರುಗಿಸಿ, "ನೀರೂ ಆಯ್ತು, ಊಟವೂ ಆಯ್ತು. ಇನ್ನು ತಿಥಿ ಮಾಡಿಬಿಡಿ," ಎಂದ. ಆ ನಗು ನನ್ನನ್ನು ಕೆಣಕಿತು. ಚಿತ್ರವಿರುವುದು ಟೇಪಿನ ಮೇಲಿನ ಕಾಂತೀಯ ಲೇಪದಲ್ಲಿ. ಆಯಸ್ಕಾಂತವನ್ನು ಬಾವಿಗೆ ಹಾಕಿದರೆ ಅದು ಆಯಸ್ಕಾಂತವಾಗಿ ಉಳಿಯುವುದಿಲ್ಲವೇ? ರುಕ್ಮಿಣಿಗೆ ಮೂರು ದಿನ ಬಿಟ್ಟು ಬರಲು ಹೇಳಿ, ಟಿ.ವಿ.ಯಿಂದ ನಾನೇ ಹಿಡಿದಿದ್ದ ಕ್ರಿಕೆಟ್ ಆಟದ ಟೇಪೊಂದನ್ನು ಬಕೆಟ್ ನೀರಿನಲ್ಲಿ ಒಂದು ಹಗಲು ಮುಳುಗಿಸಿಟ್ಟೆ. ನೆರಳಿನಲ್ಲಿ ಎರಡು ದಿನ ಒಣಗಿಸಿ ಓಡಿಸಿದೆ. ಬೌಲರ್ ಓಡಿ ಬಂದ, ಚೆಂಡು ಹಾಕಿದ. ನಾಲ್ಕು ವರ್ಷ ನಾನು ಗಿರಾಕಿಗಳಿಗೆ ಹೇಳಿದ್ದು ಸುಳ್ಳಾಗಿತ್ತು. ಎಷ್ಟು ಟೇಪುಗಳನ್ನು ಎಸೆಯಲು ಹೇಳಿದ್ದೆನೋ ಎಂಬ ಲೆಕ್ಕ ಇಂದಿಗೂ ಚುಚ್ಚುತ್ತದೆ.

ಆದರೆ ಗಂಜಿ ಬೇರೆ ಮಾತು. ವಿಸಿಆರ್‌ನಲ್ಲಿ ಚಿತ್ರ ಓದುವ ಹೆಡ್ಡಿನ ಸೀಳು ಕೂದಲಿಗಿಂತ ಸಣ್ಣದು. ಹಿಟ್ಟು ಮೆತ್ತಿದರೆ ಅದು ಕುರುಡಾಗುತ್ತದೆ. ಆಲ್ಕೋಹಾಲಿನಲ್ಲಿ ಒರೆಸಿ ನೋಡಿದೆ, ಗಂಜಿ ಕದಲಲಿಲ್ಲ. ಮೂರು ದಿನ ಬಿಟ್ಟು ದೊಡ್ಡಪ್ಪನೊಂದಿಗೆ ಬಂದ ರುಕ್ಮಿಣಿಗೆ ಬಕೆಟ್ಟಿನ ಪರೀಕ್ಷೆಯನ್ನೂ, ಸೋತ ಮುಖದಿಂದಲೇ ಇದನ್ನೂ ಹೇಳಿದೆ. ಆಕೆ ಯೋಚಿಸಲೂ ಇಲ್ಲ.

"ಕಂಜಿ ಹೆಚ್ಚಾದ ಪಾವನ್ನು ನಾವು ಬೆಚ್ಚನೆ ನೀರಿನಲ್ಲಿ ಅದ್ದಿ ಎಳೀತೀವಿ. ನೀರಿನಿಂದ ಕೆಡೋದಿಲ್ಲ ಅಂತ ನೀವೇ ಹೇಳಿದಿರಲ್ಲ?"

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಬೆಚ್ಚಗೆ ಮಾಡಿ ತಟ್ಟೆಗೆ ಸುರಿದೆ. ಮೊದಲು ನಾನು ಎಳೆದೆ. ಎರಡೇ ಮೊಳಕ್ಕೆ ಟೇಪಿನ ಅಂಚು ಸುರುಟಿತು. "ಬಿಡೀಂಗ, ನಿಮ್ಮದು ಸ್ಕ್ರೂಡ್ರೈವರ್ ಕೈ," ಎಂದು ಆಕೆ ಕುಳಿತಳು. ಎಡಗೈ ಬೆರಳುಗಳ ನಡುವೆ ಮೆತ್ತನೆ ಬಟ್ಟೆ, ಬಲಗೈಯಲ್ಲಿ ಎಳೆತ. ನಲವತ್ತೈದು ಮೀಟರ್ ಉದ್ದಕ್ಕೂ ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲವಿಲ್ಲ. ತಟ್ಟೆಯ ನೀರು ಬೆಳ್ಳಗಾಗುತ್ತ ಹೋಯಿತು. ಚಿನ್ನಪ್ಪ ಐದು ಸಲ ನೀರು ಬದಲಾಯಿಸಿದ. ಎರಡು ದಿನ ಅಂಗಡಿಯ ನೆರಳಿನಲ್ಲಿ ಒಣಗಿದ ಮೇಲೆ ಹೊಸ ಕ್ಯಾಸೆಟ್ಟಿನ ಗೂಡಿಗೆ ಸುತ್ತಿದೆ.

ಹೊಸ ಮಾದರಿಯ ಯಂತ್ರ ಅದನ್ನು ನುಂಗಿ, ಎರಡೇ ಸೆಕೆಂಡಿಗೆ ಉಗುಳಿತು. ಅಂಥ ಯಂತ್ರಗಳಲ್ಲಿ ಚಿಕ್ಕ ಸಂಶಯ ಬಂದರೂ ಟೇಪನ್ನು ನಿಲ್ಲಿಸುವ ಸೆನ್ಸರ್‌ಗಳಿರುತ್ತವೆ. ನನ್ನ ಅಟ್ಟದಲ್ಲಿ ಬಾಡಿಗೆಗೆ ವಿಡಿಯೋ ತೋರಿಸುವವನೊಬ್ಬ ಎಸೆದುಹೋಗಿದ್ದ ಹಳೆಯ ಟಾಪ್ ಲೋಡರ್ ಇತ್ತು: ಕ್ಯಾಸೆಟ್ಟನ್ನು ಮೇಲಿನಿಂದ ಹಾಕಿ, ಹಾರ್ಮೋನಿಯಂ ಮನೆಗಳಂಥ ಗುಂಡಿ ಒತ್ತುವ, ಹದಿನೈದು ಕಿಲೋ ತೂಕದ ಕಬ್ಬಿಣ. ಗುಜರಿಗೆ ಹಾಕು ಎಂದು ಎಲ್ಲರೂ ಹೇಳಿದ್ದರಿಂದಲೇ ನಾನು ಅದನ್ನು ಇಟ್ಟುಕೊಂಡಿದ್ದೆ. ಮುಚ್ಚಳ ತೆಗೆದು, ಎಳೆತದ ಸ್ಪ್ರಿಂಗನ್ನು ಸಡಿಲಿಸಿದರೆ ಅದು ಕೈಮಾತು ಕೇಳುತ್ತಿತ್ತು. ಗಂಜಿ ಉಳಿದಿದ್ದರೆ ಅದರ ಹೆಡ್ಡು ಹಾಳು. ಬದಲಿ ಹೆಡ್ಡು ಎಲ್ಲಿಯೂ ಸಿಗುತ್ತಿರಲಿಲ್ಲ. ಒಂದೇ ಸಲ ಓಡಿಸುವುದಾದರೆ ನಂಜಪ್ಪನ ಎದುರಿಗೇ ಓಡಿಸೋಣ ಎಂದಳು ರುಕ್ಮಿಣಿ.

ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಧಾರಾಪುರಂ ಬಸ್ಸು ಹತ್ತಿದೆ. "ಎಲ್ಲಿ ಸಂಗೀತ ಕಚೇರಿ, ಭಾಗವತರೇ?" ಎಂದ, ಅದನ್ನು ಹಾರ್ಮೋನಿಯಂ ಎಂದುಕೊಂಡ ಕಂಡಕ್ಟರ್. ಮನೆಯಲ್ಲಿ ನೆರೆಯವರ ಟಿ.ವಿ. ಸಿದ್ಧವಿತ್ತು. ನಂಜಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಗುಂಡಿ ಒತ್ತಿದೆ. ಬಿಳಿ ಚುಕ್ಕೆಗಳ ಬಿರುಗಾಳಿ. ಅದರೊಳಗಿಂದ ಎರಡು ಕೈಗಳು. ಬೆಚ್ಚಿದ ನಂಜಪ್ಪ ತನ್ನ ಸತ್ತ ಬಲಗೈಯನ್ನೊಮ್ಮೆ, ಪರದೆಯ ಮೇಲೆ ಓಡುವ ಬಲಗೈಯನ್ನೊಮ್ಮೆ ನೋಡಿದ.

ಹೆಡ್ಡು ಏಳು ಸಲ ಕುರುಡಾಯಿತು. ಏಳು ಸಲವೂ ನಿಲ್ಲಿಸಿ ಒರೆಸಿದೆ. ರುಕ್ಮಿಣಿ ದಾರಗಳ ಎಣಿಕೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆಗಳಾಗಿ ಗುರುತಿಸುತ್ತ ಹೋದಳು. ಟೇಪು ಒಣಗಿಸುವಾಗ ಗೂಟಕ್ಕೆ ಸಿಕ್ಕಿ ಸುಕ್ಕುಗಟ್ಟಿದ್ದ ಕಡೆ ಮಾತ್ರ ಎರಡು ನಿಮಿಷ ಏನೂ ಮೂಡಲಿಲ್ಲ. ಹನ್ನೆರಡು ದಾರಗಳ ಕ್ರಮ ಹೋಯಿತು.

"ಅಪ್ಪಾ, ಇಲ್ಲಿ ಮೂರು ಎತ್ತಿ ಒಂದು ಬಿಡೋದಾ?" ಎಂದು ಆಕೆ ದಾರ ಹಿಡಿದು ತೋರಿಸಿದಳು. ನಂಜಪ್ಪ ಎಡಗೈಯನ್ನು ಅಡ್ಡಕ್ಕೆ ಆಡಿಸಿದ. "ಎರಡಾ?" ಆತ ಹೌದೆಂಬಂತೆ ಕುರ್ಚಿಯ ತೋಳನ್ನು ಒಮ್ಮೆ ತಟ್ಟಿದ. ಹೀಗೆ ಹನ್ನೆರಡೂ ಬಂದವು. ಕೊನೆಯದಕ್ಕೆ ಚಿನ್ನಪ್ಪನೇ ದಾರದುಂಡೆ ತಂದು ಆಕೆಯ ಮುಂದಿಟ್ಟು, "ಕಟ್ಟು ಕಣ್ಣು," ಎಂದ.

ತೈ ತಿಂಗಳಲ್ಲಿ ಆ ಮಗ್ಗವನ್ನು ಯಾರೂ ಬಿಚ್ಚಲಿಲ್ಲ. ಅದರ ಮೇಲೆ ಹೊಸ ಪಾವು ಏರಿತು.

ಆ ಟಾಪ್ ಲೋಡರ್ ನನ್ನ ಸಂಗ್ರಹದ ಮೊದಲ ಯಂತ್ರ. ಇಂದು ಅಂಥವು ಮೂವತ್ತೊಂದು ಇವೆ, ಎಲ್ಲವೂ ಓಡುತ್ತವೆ. ಕಸುಬು ನನಗೆ ಕಲಿಸಿದ್ದು ಇಷ್ಟು: ತಿಳಿದವರ ಮಾತು ಅವರು ಪರೀಕ್ಷಿಸಿದಷ್ಟಕ್ಕೆ ಮಾತ್ರ ನಿಜ, ಮಿಕ್ಕದ್ದನ್ನು ಬಕೆಟ್ಟಿನಲ್ಲಿ ಮುಳುಗಿಸಿಯೇ ನೋಡಬೇಕು. ಆ ಊರಿನಲ್ಲಿ ಈಗಲೂ, ಕೋಯಮತ್ತೂರಿನ ಮೆಕ್ಯಾನಿಕ್ ಒಬ್ಬ ಅಂಚನ್ನು ಉಳಿಸಿಕೊಟ್ಟ ಎಂದು ಹೇಳುತ್ತಾರಂತೆ. ಅದನ್ನೂ ನಂಬಬೇಡಿ. ನಾನು ಅಲ್ಲೇ ಇದ್ದೆ. ನನ್ನ ಕೈಯಲ್ಲಿ ಎರಡು ಮೊಳ ಟೇಪು ಸುರುಟಿತು.