ಹದಿನೇಳರ ಮಗ್ಗಿ

ಅಥವಾ ಅದು ಹಸಿ ಗಾರೆಯ ವಾಸನೆ ಅಲ್ಲದೆಯೂ ಇರಬಹುದು. ಗಾರೆ ಹೋಗಿ ಸಿಮೆಂಟು ಬಂದು ಎಷ್ಟೋ ಕಾಲವಾಯಿತು, ಎರಡಕ್ಕೂ ಒಂದೇ ವಾಸನೆ ಇರಲಾರದು. ಆದರೂ ಮೊನ್ನೆ ಜೆ.ಪಿ. ನಗರದ ಒಂದು ತಿರುವಿನಲ್ಲಿ, ಕಟ್ಟುತ್ತಿದ್ದ ಮನೆಯ ಗೋಡೆಗೆ ಹೆಂಗಸೊಬ್ಬಳು ಪೈಪು ಹಿಡಿದು ನೀರು ಬಿಡುತ್ತಿದ್ದಾಗ, ಆ ಒದ್ದೆ ಗೋಡೆಯಿಂದ ಬಂದ ತಣ್ಣನೆಯ, ಬಾವಿಯೊಳಗೆ ತಲೆ ಹಾಕಿದಾಗ ಬರುವಂಥ ವಾಸನೆಗೆ ನನ್ನ ಕಾಲು ನಿಂತುಬಿಟ್ಟಿತು. ವಾಸನೆಗಾಗಿ ನಿಂತದ್ದಲ್ಲ, ಅದರ ಹಿಂದೆ ಬರಬೇಕಾಗಿದ್ದ ದನಿಗಾಗಿ ನಿಂತದ್ದು. ದನಿ ಬರಲಿಲ್ಲ. "ಏನಜ್ಜಿ, ಅಡ್ರೆಸ್ ಹುಡುಕ್ತಾ ಇದೀರಾ?" ಎಂದು ಆ ಹೆಂಗಸು ಕೇಳಿದಳು. ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. ನಮ್ಮ ಸ್ಕೂಲು ಅಲ್ಲೇ ಎಲ್ಲೋ ಇತ್ತು ಎಂದು ನನಗನಿಸುತ್ತದೆ. ಖಾತರಿಯಿಲ್ಲ. ನಾವು ಜಾರುಬಂಡೆಯಾಡುತ್ತಿದ್ದ ಒಂದು ಬಂಡೆಯನ್ನು ಗುರುತಿಗೆ ಇಟ್ಟುಕೊಂಡಿದ್ದೆ. ಅದನ್ನೂ ಒಡೆದು ಯಾರದೋ ಪಾಯಕ್ಕೆ ತುಂಬಿದ್ದಾರೆ.

ನಮ್ಮದು ಸಾರಕ್ಕಿಗೂ ಜಯನಗರಕ್ಕೂ ನಡುವೆ ಇದ್ದ ಸಣ್ಣ ಊರು. ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ಜಯನಗರ ಆಗ ಕಲ್ಲುಗಳ ರೂಪದಲ್ಲಿ ನಮ್ಮ ಕಡೆಗೆ ಬರುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಯಾರದೋ ಅವರೆ ಸಾಲಿನ ನಡುವೆ ಸುಣ್ಣ ಬಳಿದ ಗಡಿಕಲ್ಲು ನಿಂತಿರುತ್ತಿತ್ತು. ನಮ್ಮ ರಾಗಿ ಹೊಲವೂ ಹಾಗೆಯೇ ಹೋಯಿತು. ಅದು ಹೋದ ಮೇಲೆ ಅಪ್ಪ ಜಗಲಿಯಲ್ಲಿ ಕೂರುವ ದಿಕ್ಕನ್ನೇ ಬದಲಾಯಿಸಿದರು, ಹೊಲಕ್ಕೆ ಬೆನ್ನು ಕೊಟ್ಟು, ಮನೆಯ ಗೋಡೆಗೆ ಮುಖ ಮಾಡಿ ಬೀಡಿ ಸೇದುತ್ತಿದ್ದರು. ಮನೆಯೊಳಗೆ ಹಳೇ ರಾಗಿಯ ಮುಗ್ಗು, ಒಲೆಯ ಹೊಗೆ, ಅಜ್ಜಿಯ ಹೊಗೆಸೊಪ್ಪು, ಎಲ್ಲ ಸೇರಿದ ಒಂದು ಕಂದು ಬಣ್ಣದ ಕತ್ತಲೆ. ಆ ಕತ್ತಲೆಯಲ್ಲಿ ಒಂದು ವರ್ಷದಿಂದ ನನ್ನ ಅಕ್ಕ ರತ್ನ ಕಾಯುತ್ತಿದ್ದಳು. ಊರಿನ ಸ್ಕೂಲಿನಲ್ಲಿ ಇದ್ದದ್ದು ನಾಲ್ಕನೇ ಕ್ಲಾಸಿನವರೆಗೆ. ಅದನ್ನು ಮುಗಿಸಿದ ಗಂಡುಮಕ್ಕಳು ಬಸವನಗುಡಿಗೆ ನಡೆದು ಹೋಗುತ್ತಿದ್ದರು, ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ಅಪ್ಪ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿದ್ದರು: "ಊರಲ್ಲೇ ಐದ್ನೇ ಕ್ಲಾಸ್ ಬಂದ್ರೆ ಓದ್ಲಿ. ಬರೋಗಂಟ ಗೋಡೆಗೆ ನೀರು ಹೊಯ್ಲಿ." ನಮ್ಮ ಹೊಲದ ಮೇಲೆ ಏಳುತ್ತಿದ್ದ ಮನೆಗಳ ಗೋಡೆ ಬಿರುಕು ಬಿಡದಂತೆ ಬೆಳಿಗ್ಗೆ ಸಂಜೆ ನೀರು ಹೊಯ್ಯುವ ಕೆಲಸ ಅದು. ಅಕ್ಕ ಬಿಂದಿಗೆ ಹೊತ್ತು ಹೋಗುತ್ತಿದ್ದಳು. ಬರುವಾಗ ಅವಳ ಲಂಗದ ತುದಿಯಿಂದ ಆ ವಾಸನೆ ಬರುತ್ತಿತ್ತು. ರಾತ್ರಿ ಪಕ್ಕದಲ್ಲಿ ಮಲಗಿದರೆ ನನ್ನ ಅಕ್ಕ ಮನೆಯಾಗುತ್ತಿದ್ದಾಳೆ ಎಂದು ನನಗೆ ಭಯವಾಗುತ್ತಿತ್ತು.

ಮಾರ್ದನಿ ಶುರುವಾದದ್ದು ಆ ಮನೆಗಳಿಗೆ ತಾರಸಿ ಬಿದ್ದ ಮೇಲೆ. ಅಲ್ಲಿಯವರೆಗೆ ನಮ್ಮ ಸ್ಕೂಲಿನ ಮಗ್ಗಿ ಬಯಲಿನಲ್ಲಿ ಹೋಗಿ ಬಯಲಿನಲ್ಲೇ ಮುಗಿಯುತ್ತಿತ್ತು. ನಮ್ಮದು ಒಂದೇ ಕೋಣೆಯ, ಒಬ್ಬರೇ ಮೇಷ್ಟ್ರ ಸ್ಕೂಲು. ನಾಲ್ಕೂ ಕ್ಲಾಸಿನವರು ಒಟ್ಟಿಗೆ ಕಿರುಚಿ ಮಗ್ಗಿ ಹೇಳಬೇಕು, ಬಾರದ ಚಿಕ್ಕವರು ಬಾಯಿ ಆಡಿಸಬೇಕು. ನೀವೂ ಅಂಥ ಸ್ಕೂಲಿನಲ್ಲಿ ಕೂತಿದ್ದರೆ ನಿಮಗೆ ಗೊತ್ತಿರುತ್ತದೆ, ಅಲ್ಲಿ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಒಂದು ದಿನ "ಎರಡೊಂದ್ಲ ಎರಡು" ಎಂದು ನಾವು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಆ ಕಡೆಯಿಂದ, ಕಿಟಕಿ ಬಾಗಿಲು ಇನ್ನೂ ಕೂಡಿಸದ ಆ ಸಾಲು ಮನೆಗಳಿಂದ, "ಡೊಂದ್ಲ ಎರಡು" ಎಂದು ವಾಪಸು ಬಂತು. ಮೊದಲು ನಕ್ಕೆವು. ನಗುವೂ ವಾಪಸು ಬಂದಾಗ ಸುಮ್ಮನಾದೆವು. ಆಮೇಲೆ ಅಭ್ಯಾಸವಾಗಿ ಅದಕ್ಕೆ 'ಆ ಕಡೆ ಸ್ಕೂಲು' ಎಂದು ಹೆಸರಿಟ್ಟೆವು. ಆ ಕಡೆಯವರು ನಮಗಿಂತ ಹಿಂದುಳಿದವರು, ನಾವು ಹೇಳಿದ ಮೇಲೆ ಹೇಳುವವರು ಎಂದು ನಮಗೆ ಸ್ವಲ್ಪ ಜಂಬವೂ ಇತ್ತು. ಅಜ್ಜಿ ಮಾತ್ರ ನಗಲಿಲ್ಲ. "ರಾಗಿ ತಿಂದ್ ಮಣ್ಣು ಅದು. ಒಂದ್ ಹಾಕಿದ್ರೆ ಒಂದೇ ಕೊಟ್ಟು ಸುಮ್ಕಿರ್ತದಾ?" ಎಂದಳು. ಅದು ತಮಾಷೆಯೋ ಅಲ್ಲವೋ ಅವಳ ಮುಖದಲ್ಲಿ ತಿಳಿಯುತ್ತಿರಲಿಲ್ಲ.

ನಂಜುಂಡಯ್ಯ ಮೇಷ್ಟ್ರು ಬಸವನಗುಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಪಂಚೆ ಚೈನಿಗೆ ಸಿಕ್ಕದಂತೆ ಮೊಣಕಾಲಿಗೆ ಎತ್ತಿ ಕಟ್ಟಿ, ಊರ ಬಾಗಿಲಲ್ಲಿ ಇಳಿದು, ಬಿಚ್ಚಿ ಕೆಳಗೆ ಬಿಟ್ಟುಕೊಂಡು ಒಳಗೆ ಬರುತ್ತಿದ್ದರು. ಐದನೇ ಕ್ಲಾಸು ಬೇಕೆಂದು ಅವರು ಯಾರು ಯಾರನ್ನೋ ಕೇಳಿದ್ದರು. ಕೊನೆಗೆ, ಇನ್‌ಸ್ಪೆಕ್ಟರು ಬಂದು ಸ್ಕೂಲಿನ ಯೋಗ್ಯತೆ ನೋಡಿ ಹೇಳುತ್ತಾರೆ ಎಂದಾಯಿತು. ಆ ವಾರ ನಾವು ಕೋಣೆಯ ನೆಲ ಸಾರಿಸಿ, ಕರಿಹಲಗೆಗೆ ಇದ್ದಿಲು ಮತ್ತು ತೊಂಡೆಸೊಪ್ಪು ಅರೆದು ಬಳಿದೆವು. ಅಕ್ಕ ತನ್ನ ಕೆಲಸ ಮುಗಿಸಿ ಬಂದು ನಮ್ಮ ಜೊತೆ ಸಗಣಿ ಕಲಸಿದಳು. ಮೇಷ್ಟ್ರು ಅವಳನ್ನು ನೋಡಿ, "ನಿನ್ನ ಕ್ಲಾಸಿಗೆ ನೀನೇ ಸಾರಿಸ್ಕೋತಾ ಇದೀಯಲ್ಲಮ್ಮ, ಒಳ್ಳೇದಾಗುತ್ತೆ" ಎಂದರು. ಅವಳು ತಲೆ ಎತ್ತಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ಇನ್‌ಸ್ಪೆಕ್ಟ್ರು ಸ್ಲೇಟು ನೋಡಲ್ಲ, ಬಟ್ಟೆ ನೋಡಲ್ಲ. ಬೆನ್ನು ತಿರುಗಿಸಿ ನಿಂತ್ಕೊಂಡು ಕೇಳ್ತಾರೆ ಅಷ್ಟೇ. ಒಬ್ಬ ದನಿ ಕದ್ದರೂ ಗೊತ್ತಾಗಿಬಿಡುತ್ತೆ" ಎಂದು ಹೆದರಿಸಿದರು.

ಇನ್‌ಸ್ಪೆಕ್ಟರನ್ನು ನಾನು ಕೋಟಿನಲ್ಲಿ ನೆನೆಯುತ್ತೇನೆ, ಆದರೆ ಆ ಕೋಟು ಬೇರೆ ಯಾರದೋ ಇರಬಹುದು. ಮುಖ ನೆನಪಿಲ್ಲ, ಯಾಕೆಂದರೆ ಅವರು ಬಂದವರೇ ಮೇಷ್ಟ್ರು ಹೇಳಿದಂತೆಯೇ ನಮಗೆ ಬೆನ್ನು ಹಾಕಿ, ಬಾಗಿಲಿನ ಚೌಕಟ್ಟಿಗೆ ಒಂದು ಕೈ ಕೊಟ್ಟು, ಖಾಲಿ ಮನೆಗಳ ಕಡೆ ಮುಖ ಮಾಡಿ ನಿಂತರು. "ಹೂಂ, ಹೇಳಿ." ನಾವು ಎರಡರಿಂದ ಶುರು ಮಾಡಿದೆವು. ಆ ಕಡೆ ಸ್ಕೂಲು ಎಂದಿನಂತೆ ಹಿಂದೆ ಹಿಂದೆ ಬಂತು. ಹನ್ನೆರಡಾಯಿತು, ಹದಿಮೂರಾಯಿತು. ನಮ್ಮಲ್ಲಿ ಮಗ್ಗಿ ಹದಿನಾರಕ್ಕೆ ನಿಲ್ಲುತ್ತಿತ್ತು, ಅದರಾಚೆಗಿನದು ಐದನೇ ಕ್ಲಾಸಿನ ಪಾಲು. "ಹದಿನಾರ್ ಹತ್ಲ ನೂರರವತ್ತು" ಎಂದು ಒಟ್ಟಿಗೆ ಕಿರುಚಿ ಬಾಯಿ ಮುಚ್ಚಿದೆವು. "ಹತ್ಲ ನೂರರವತ್ತು" ಎಂದು ಆ ಕಡೆಯೂ ಮುಗಿಯಿತು. ಮೇಷ್ಟ್ರು ಕೈಚೌಕದಿಂದ ಕುತ್ತಿಗೆ ಒರೆಸಿಕೊಂಡರು. ಆಗ ಮನೆಗಳ ಕಡೆಯಿಂದ ಸಣ್ಣಗೆ, ಅವಸರವಿಲ್ಲದೆ ಬಂತು: "ಹದಿನೇಳೊಂದ್ಲ ಹದಿನೇಳು. ಹದಿನೇಳ್ ಎರಡ್ಲ ಮೂವತ್ತನಾಲ್ಕು. ಹದಿನೇಳ್ ಮೂರ್ಲ ಐವತ್ತೊಂದು." ಹದಿನೇಳು ಎಂದು ಈಗ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ, ಹತ್ತೊಂಬತ್ತೂ ಇದ್ದಿರಬಹುದು. ನಮಗೆ ಬಾರದ ಮಗ್ಗಿ ಅದು, ಅಷ್ಟಂತೂ ನಿಜ. ನನ್ನ ಪಕ್ಕದ ಹುಡುಗಿ ನನ್ನ ಲಂಗ ಹಿಡಿದುಕೊಂಡಳು.

ಇನ್‌ಸ್ಪೆಕ್ಟರು ತಿರುಗದೆಯೇ ಕೇಳಿದರು. "ಐದನೇ ಕ್ಲಾಸು ಅಲ್ಲಿ ಕೂರ್ಸಿದ್ದೀರೇನ್ರೀ?"

"ಇಲ್ಲ ಸಾರ್. ನಮ್ಮಲ್ಲಿ ಐದನೇ ಕ್ಲಾಸಿಲ್ಲ. ಅದಕ್ಕೇ ತಾವು ಬಂದಿರೋದು."

"ಮತ್ತೆ ಅದೇನು?"

"ಮಾರ್ದನಿ ಸಾರ್. ಖಾಲಿ ಮನೆಗಳು."

"ಮಾರ್ದನಿ ಹಿಂದೆ ಬರುತ್ತೆ ಕಣ್ರೀ. ನಿಮಗಿಂತ ಮುಂದೆ ಹೋಗುತ್ತಾ?"

ನನ್ನ ಕಣ್ಣ ಮುಂದೆ ಬಂದದ್ದು ಅಕ್ಕ. ಆ ಹೊತ್ತಿನಲ್ಲಿ ಅವಳು ಅಲ್ಲೇ ನೀರು ಹೊಯ್ಯುತ್ತಿರಬೇಕು. ಅವಳೇ ಏನೋ ಕೀಟಲೆ ಮಾಡಿ ತನ್ನ ಐದನೇ ಕ್ಲಾಸನ್ನು ತಾನೇ ಕೆಡಿಸಿಕೊಂಡಳು ಎಂದುಕೊಂಡೆ. ಇನ್‌ಸ್ಪೆಕ್ಟರು ಮೆಟ್ಟಿಲಿಳಿದು, ಬಾಗಿಲ ಬಳಿ ಕೂತಿದ್ದ ನನ್ನನ್ನೇ ಕರೆದರು. "ಬಾ ಮಗು, ದಾರಿ ತೋರ್ಸು." ನನಗೆ ದಾರಿ ಗೊತ್ತಿತ್ತು, ಅದು ನಮ್ಮ ಹೊಲ. ಆದರೆ ಬದು ಇದ್ದ ಕಡೆ ಮೆಟ್ಟಿಲಿತ್ತು, ಸೌತೆಬಳ್ಳಿ ಹಬ್ಬಿದ್ದ ಕಡೆ ಯಾರದೋ ಅಡುಗೆಮನೆ. ಮೇಷ್ಟ್ರೂ ಹಿಂದೆಯೇ ಬಂದರು. ಮೊದಲ ಮನೆಗೆ ಹೋದೆವು. ಮಗ್ಗಿ ಎರಡನೆಯದರಿಂದ ಬರುತ್ತಿತ್ತು. ಎರಡನೆಯದಕ್ಕೆ ಹೋದರೆ ಅದರಾಚೆಯದರಿಂದ. ದನಿ ಓಡುತ್ತಿರಲಿಲ್ಲ, ದೂರವೂ ಆಗುತ್ತಿರಲಿಲ್ಲ, ಯಾವಾಗಲೂ ಒಂದು ಗೋಡೆಯ ಆಚೆ ಇರುತ್ತಿತ್ತು. "ಹದಿನೇಳ್ ಎಂಟ್ಲ ನೂರಮೂವತ್ತಾರು." ಕೊನೆಯ ಮನೆಯ ನಡುಕೋಣೆಯಲ್ಲಿ ನಾವು ಮೂವರೂ ನಿಂತಾಗ ಆ ದನಿ ನಿಂತುಹೋಗಿತ್ತು. ಅಲ್ಲೊಂದು ಬಿಂದಿಗೆಯಿತ್ತು, ಅಕ್ಕನದು, ಅದರ ಕಂಠದ ಸೊಟ್ಟ ನನಗೆ ಗೊತ್ತು. ಗೋಡೆಗಳು ಸುತ್ತಲೂ ಒಂದು ಹುಡುಗಿಯ ಕೈ ಎಟುಕುವ ಎತ್ತರದವರೆಗೆ ಮಾತ್ರ ಒದ್ದೆಯಾಗಿದ್ದವು. ಅಲ್ಲಿಂದ ಮೇಲೆ ಬಿಳಿಚಿಕೊಂಡು ಒಣಗಿದ್ದವು. ಇನ್‌ಸ್ಪೆಕ್ಟರು ಆ ಒದ್ದೆ ಗೆರೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು, ಜ್ವರ ನೋಡುವವರಂತೆ. ಆಮೇಲೆ ಮೇಷ್ಟ್ರ ಕಡೆ ನೋಡದೆ, "ಇವ್ರನ್ನ ಎಲ್ಲಾದ್ರೂ ಕೂರ್ಸಬೇಕಲ್ರೀ" ಎಂದರು. ಇವರು ಎಂದರೆ ಯಾರು ಎಂದು ಮೇಷ್ಟ್ರೂ ಕೇಳಲಿಲ್ಲ.

ಜೂನ್ ತಿಂಗಳಿಗೆ ಐದನೇ ಕ್ಲಾಸು ಬಂತು. ಅಪ್ಪ ಮಾತು ತಪ್ಪಲಿಲ್ಲ. ಅಕ್ಕ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ತಾನೇ ಸಾರಿಸಿದ ನೆಲದ ಮೇಲೆ ಎಲ್ಲರಿಗಿಂತ ಮುಂದೆ ಕೂತಳು. ಮೇಷ್ಟ್ರು ಮೊದಲ ದಿನವೇ ಅವಳನ್ನು ಎಬ್ಬಿಸಿದರು. "ಏಳಮ್ಮ ರತ್ನ. ಹದಿನೇಳರ ಮಗ್ಗಿ ಹೇಳು." ಅವರ ದನಿಯಲ್ಲಿ ಒಂದು ಗುಟ್ಟಿನ ನಗುವಿತ್ತು, ಅವರಿಗೂ ನನ್ನಂತೆಯೇ ಅನುಮಾನವಿದ್ದಿರಬೇಕು. ಅಕ್ಕ ಎದ್ದು ನಿಂತಳು. "ಹದಿನೇಳೊಂದ್ಲ ಹದಿನೇಳು" ಎಂದಳು. ಅಲ್ಲಿಗೆ ನಿಂತಳು. ಹದಿನೇಳ್ ಎರಡ್ಲ ಎಷ್ಟೆಂದು ಅವಳಿಗೆ ಬರುತ್ತಿರಲಿಲ್ಲ. ಬೆರಳು ಮಡಿಚಿ ನೋಡಿದಳು, ಕಿವಿ ಕೆಂಪಾಯಿತು, ಕಿಟಕಿಯಾಚೆ ನೋಡಿದಳು. ನಾವೆಲ್ಲ ನೋಡಿದೆವು. ಆ ಹೊತ್ತಿಗೆ ಆ ಮನೆಗಳಿಗೆ ಜನ ಬಂದುಬಿಟ್ಟಿದ್ದರು, ಕಿಟಕಿಗಳಿಗೆ ಪರದೆ, ಬಾಗಿಲಿಗೆ ತೋರಣ, ಒಗ್ಗರಣೆಯ ಸದ್ದು. ಆ ಕಡೆಯಿಂದ ಏನೂ ವಾಪಸು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಮೇಷ್ಟ್ರ ನಗು ಎಲ್ಲಿ ಹೋಯಿತೋ. "ಕೂತ್ಕೋಮ್ಮ. ಕಲಿಯೋಕೇ ತಾನೇ ಬಂದಿರೋದು" ಎಂದು ಕರಿಹಲಗೆಗೆ ತಿರುಗಿದರು.

ಅಕ್ಕ ಓದಿದಳು. ಐದು ಮುಗಿಸಿ, ಅದರ ಹಿಂದೆಯೇ ಬಂದ ಆರು ಏಳನ್ನೂ ಮುಗಿಸಿ, ಬಿಳೇಕಹಳ್ಳಿಯ ಕಡೆ ಒಂದು ಸ್ಕೂಲಿನಲ್ಲಿ ತಾನೇ ಮೇಡಂ ಆದಳು. ಅಪ್ಪ ಹೋದರು, ಅಜ್ಜಿ ಹೋದಳು, ಮನೆ ಹೋಯಿತು. ಸ್ಕೂಲನ್ನು ಯಾವಾಗ ಕೆಡವಿದರೆಂದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಇಬ್ಬರೂ ಕೂತು ಅವರೆಕಾಯಿ ಸುಲಿಯುವಾಗ ನಾನು ಕೇಳಿದೆ. ಅವಳ ಕೆಮ್ಮು ಆಗಲೇ ಶುರುವಾಗಿತ್ತು.

"ನಿಜ ಹೇಳಕ್ಕ. ಅವತ್ತು ಇನ್‌ಸ್ಪೆಕ್ಟ್ರು ಬಂದಾಗ ಮಗ್ಗಿ ಹೇಳಿದ್ದು ನೀನೇ ತಾನೇ?"

"ನಂಗೆ ಬರ್ತಿತ್ತೇನೇ? ಎದ್ದು ನಿಂತು ಮಾನ ಕಳ್ಕೊಂಡಿದ್ದು ಮರೆತ್ಯಾ?"

"ಹಂಗಾದ್ರೆ ನೀನು ಕೇಳಿಸ್ಕೊಂಡಿರ್ಬೇಕಲ್ಲ. ಅಲ್ಲೇ ಇದ್ದೆ."

ಅವಳ ಕೈ ನಿಂತಿತು. "ಕೇಳಿಸ್ಕೊಂಡೆ" ಎಂದಳು. "ನೀವು ಹದಿನಾರು ಮುಗಿಸಿ ಸುಮ್ನಾದ್ರಿ. ಆಮೇಲೆ ಹದಿನೇಳು ಶುರುವಾಯ್ತು. ನಿಮ್ ಕಡೆಯಿಂದ. ಸ್ಕೂಲಿನ ಕಡೆಯಿಂದ ಕಣೇ. ಸಣ್ಣ ದನಿ. ನಂಗೆ ಹೇಳ್ದೇನೇ ಐದ್ನೇ ಕ್ಲಾಸ್ ಶುರು ಮಾಡ್ಬಿಟ್ಟಿದಾರೆ ಅನ್ಕೊಂಡೆ. ಗೋಡೆಗೆ ಹಣೆ ಕೊಟ್ಕೊಂಡು ಅತ್ತೆ. ಅಷ್ಟರಲ್ಲಿ ಯಾರೋ ದೊಡ್ಡೋರು ಬರ್ತಿರೋದು ಕಾಣಿಸ್ತು, ಬಿಂದಿಗೆ ಬಿಟ್ಟು ಹಿತ್ತಲ ಕಡೆ ಓಡ್ದೆ."

ಆಮೇಲೆ ಇಬ್ಬರೂ ಬಹಳ ಹೊತ್ತು ಕಾಯಿ ಸುಲಿದೆವು. ಸಿಪ್ಪೆ ಪಾತ್ರೆಗೆ, ಕಾಳು ಕಸಕ್ಕೆ ಹಾಕುತ್ತಿದ್ದೆ ಎಂದು ಅವಳೇ ನನ್ನ ಕೈ ತಡೆದಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಈಗ ಕೇಳೋಣವೆಂದರೆ ಅವಳಿಲ್ಲ. ಕೂಲಿಯವರ ಮಕ್ಕಳು ಯಾರೋ ಗೋಡೆಯ ಮರೆಯಲ್ಲಿ ಇದ್ದಿರಬಹುದು, ಗಾಳಿಯ ದಿಕ್ಕು ಬದಲಾಗಿರಬಹುದು, ನಾವಿಬ್ಬರೂ ಸೇರಿ ಒಂದು ಬೆಳಿಗ್ಗೆಯನ್ನು ಕಟ್ಟಿಕೊಂಡಿರಬಹುದು. ಯಾವುದನ್ನು ಹಿಡಿದರೂ ಇನ್ನೊಂದು ಕಡೆ ಸಡಿಲವಾಗುತ್ತದೆ. ನಮ್ಮ ಸ್ಕೂಲಿಗೆ ಯೋಗ್ಯತೆಯಿದೆ ಎಂದು ಇನ್‌ಸ್ಪೆಕ್ಟರು ತೀರ್ಮಾನಿಸಿದ್ದು ಆ ದನಿಯನ್ನು ಕೇಳಿ. ನನ್ನ ಅಕ್ಕ ಓದಿದ್ದು ಆ ದನಿಯಿಂದ. ಅದು ನಮ್ಮದಲ್ಲ, ಅವಳದಲ್ಲ. ಯಾರದೆಂದು ನನಗೆ ಗೊತ್ತಿಲ್ಲ.