ಬೆಂಚಿನಲ್ಲಿ ಕೂತವನ ಅತ್ತೆ

ಅತ್ತೆಯ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಸಿಕ್ಕಿ ಹೋದದ್ದು. ಕೇಳಿದವರಿಗೆ, "ಗಾಣ ರುಚಿ ನೋಡ್ತು. ಸೀ ಇಲ್ಲ ಅಂತ ಬುಟ್ಬುಡ್ತು" ಎನ್ನುತ್ತಿದ್ದಳು. ಆ ಮೊಂಡು ಬೆರಳಲ್ಲೇ ಪಾಕದ ಹದ ನೋಡುವಳು, ಅದರಲ್ಲೇ ನನ್ನ ತಲೆಗೂ ಕುಟ್ಟುವಳು.

ಅವಳು ಅಪ್ಪನ ಅಕ್ಕ. ಕೆ.ಆರ್. ಪೇಟೆ ಕಡೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ ಮೇಲೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ವಾಪಸು ಬಂದಳು. ಅಷ್ಟರಲ್ಲಿ ನಮ್ಮವ್ವ ತೀರಿಹೋಗಿದ್ದಳು. ನನ್ನನ್ನು ಸಾಕಿದವಳು ಅತ್ತೆಯೇ. ಟ್ರಾಕ್ಟರಿಗೆ ಬೆಲ್ಲ ತುಂಬುವಾಗ ಅವಳು ಕೆಳಗಿನಿಂದ ಉಂಡೆ ಎಸೆಯುತ್ತಿದ್ದಳು, ಮೇಲೆ ನಿಂತು ನಾನು ಹಿಡಿಯುತ್ತಿದ್ದೆ. "ಎದೆಗೆ ತಕ್ಕೊಳ್ಳಾ. ಒಡೆದ ಬೆಲ್ಲ ಯಾವನು ಕೇಳ್ತಾನೆ?" ನಾನು ಗೋಲ್‌ಕೀಪರ್ ಆದದ್ದು ಬೆಲ್ಲದಿಂದ ಎಂದು ಊರವರು ತಮಾಷೆ ಮಾಡುತ್ತಾರೆ. ಇರಲಿ.

ದೇಶದ ದೊಡ್ಡ ಫುಟ್‌ಬಾಲ್ ಲೀಗಿನ ತಂಡವೊಂದಕ್ಕೆ ನಾನು ಸೇರಿದಾಗ ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿದರು. ಸೇರಿದ್ದು ಎರಡನೇ ಕೀಪರ್ ಆಗಿ ಎಂಬುದು ಬ್ಯಾನರಿನಲ್ಲಿ ಇರಲಿಲ್ಲ. ಎರಡನೇ ಕೀಪರ್ ಎಂದರೆ ಇಷ್ಟೇ: ಆಟಕ್ಕೆ ಮುಂಚೆ ಮೊದಲನೆಯವನ ಮೈ ಬಿಸಿಯಾಗುವ ತನಕ ಅವನ ಕಡೆ ಚೆಂಡು ಒದೆಯಬೇಕು, ಆಮೇಲೆ ಬೆಂಚಿನಲ್ಲಿ ಕೂರಬೇಕು. ಬೇರೆ ಆಟಗಾರರನ್ನು ಕೊನೆಯ ಗಳಿಗೆಯಲ್ಲಾದರೂ ಇಳಿಸುತ್ತಾರೆ. ಕೀಪರನ್ನು ಸುಮ್ಮನೆ ಯಾರೂ ಬದಲಾಯಿಸುವುದಿಲ್ಲ. ನಮ್ಮ ಮೊದಲನೆಯವನು ಗೋವಾದವನು, ಒಳ್ಳೆಯವನು, ಗುಂಡುಕಲ್ಲಿನ ಹಾಗೆ ಗಟ್ಟಿ. ಕೋಲ್ಕತ್ತಾ, ಕೊಚ್ಚಿ, ಗುವಾಹಟಿ ಎಂದು ಊರು ಬದಲಾಗುತ್ತಿತ್ತು, ನಾನು ಕೂರುವ ಜಾಗ ಬದಲಾಗುತ್ತಿರಲಿಲ್ಲ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಅದೂ ನಿಂತಿತು. ಗೆದ್ದರೆ ಚಪ್ಪಾಳೆ ತಟ್ಟುತ್ತಿದ್ದೆ, ಸೋತರೆ ನೀರಿನ ಬಾಟಲಿ ಎತ್ತಿಡುತ್ತಿದ್ದೆ.

ಅತ್ತೆ ಒಂದು ಆಟವನ್ನೂ ಬಿಡಲಿಲ್ಲ. ನಾನು ಕೊಡಿಸಿದ ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿಕೊಂಡು ನೋಡುತ್ತಿದ್ದಳು. ಆಟ ಮುಗಿದ ಮೇಲೆ ಕರೆ ಬರುತ್ತಿತ್ತು.

"ಇವತ್ತೂ ಕುಂತಿದ್ದಾ?"

"ಹೂಂ."

"ಉಂಡಾ?"

"ಉಣ್ತೀನಿ."

ಅಷ್ಟೇ ಮಾತು. ಡೈರಿ ಹತ್ತಿರ ಯಾರೋ, "ಕುಂತ್ಕಳಕ್ಕೂ ಸಂಬಳ ಕೊಟ್ಟಾರಾ ನಿಮ್ ಹೈದಂಗೆ?" ಎಂದು ಕೆಣಕಿದರಂತೆ. ಅತ್ತೆ ಹಾಲಿನ ಕ್ಯಾನು ಕೆಳಗಿಡದೆ, "ನಿನ್ ಗಾಡಿಗೆ ಸ್ಟೆಪ್ನಿ ಇಲ್ವಾ? ಅದನ್ನೇನು ದಿನಾ ಓಡುಸ್ತೀಯಾ?" ಎಂದಳಂತೆ. ಅಪ್ಪ ಇದನ್ನು ಫೋನಿನಲ್ಲಿ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸೀಸನ್ ಅರ್ಧ ಕಳೆದಾಗ ರಜ ಸಿಕ್ಕಿ ಊರಿಗೆ ಬಂದೆ. ಅತ್ತೆ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ನನ್ನನ್ನು ಗುಡಿಗೆ ಹೊರಡಿಸಿದಳು. ನಮ್ಮೂರ ಅಮ್ಮನ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ದೇವಿಯ ಮೈಗೆ ಒದ್ದೆ ಹೂ ಅಂಟಿಸುತ್ತಾನೆ. ಬೇಡಿದವರು ಕೈಮುಗಿದು ಕಾಯುತ್ತಾರೆ. ಹೂ ಬಲಕ್ಕೆ ಬಿದ್ದರೆ ಅಂದುಕೊಂಡದ್ದು ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ನಾನು ಆಡುತ್ತೇನೋ ಇಲ್ಲವೋ ಎಂದು ಕೇಳಲು ಬಂದಿದ್ದಳು.

ಹೂ ಅಂಟಿಸಿದ್ದಾಯಿತು. ಅತ್ತೆ ಕೈ ಮುಗಿದವಳು ಮತ್ತೆ ಇಳಿಸಿ ನನ್ನ ಕಡೆ ತಿರುಗಿದಳು.

"ಅಲ್ಲ ಕಣ್ಲಾ, ನೀ ಆಡ್ಬೇಕು ಅಂದ್ರೆ ಏನಾಗ್ಬೇಕು?"

"ಆ ಗೋವಾದವನಿಗೆ ಏಟಾಗ್ಬೇಕು."

"ಇನ್ನೇನೂ ದಾರಿ ಇಲ್ವಾ?"

"ಇಲ್ಲ."

"ಅವನ್ಗೆ ತಾಯಿ ಅವ್ಳಾ?"

"ಅವ್ಳೆ."

ಅತ್ತೆ ಪೂಜಾರಿಯ ಕಡೆ ತಿರುಗಿ, "ಹೂವ ತಗ್ದ್ಬುಡಪ್ಪ, ನಾ ಏನೂ ಕೇಳಕಿಲ್ಲ. ಒಂದು ಅರ್ಚನೆ ಮಾಡು" ಎಂದಳು. ನನ್ನ ಹೆಸರಿಗಲ್ಲ, ಅವನ ಹೆಸರಿಗೆ. ಗೋವಾದ ಆ ಹೆಸರು ಪೂಜಾರಿಯ ನಾಲಿಗೆಯಲ್ಲಿ ಹೊರಳಲಿಲ್ಲ.

"ನಕ್ಷತ್ರ ಯಾವ್ದವ್ವ?"

"ಗೊತ್ತಿಲ್ಲ. ಗೋಲು ಕಾಯೋನು ಅಂತ ಮಾಡು."

ನನಗೆ ಮೈಯೆಲ್ಲ ಉರಿದುಹೋಯಿತು. "ಅವ್ರು ಚರ್ಚಿಗೆ ಹೋಗೋ ಜನ ಕಣತ್ತೆ" ಎಂದೆ.

"ಹೋಗ್ಲಿ ಬುಡು. ಇವಳೂ ನೋಡ್ಕತಾಳೆ."

ಅರ್ಚನೆ ಫಲಿಸಿತು ಎನ್ನಬೇಕು. ಅವನಿಗೆ ಒಂದು ತರಚುಗಾಯವೂ ಆಗಲಿಲ್ಲ, ನೆಗಡಿಯೂ ಬರಲಿಲ್ಲ. ನಾನು ಕೂತೇ ಇದ್ದೆ. ಅತ್ತೆಯ ಕರೆ ಬಂದರೆ ಹೂಂ, ಉಹೂಂ ಎಂದು ಮುಗಿಸುತ್ತಿದ್ದೆ. ಅವಳು ಮಾತ್ರ ಕರೆ ಮಾಡುವುದನ್ನು ಬಿಡಲಿಲ್ಲ.

ಕೊನೆಯ ಆಟ ಬೆಂಗಳೂರಿನಲ್ಲಿ. ನಮ್ಮ ತಂಡ ಮೇಲೆ ಹೋಗುವ ಹಾಗೂ ಇರಲಿಲ್ಲ, ಕೆಳಗೆ ಬೀಳುವ ಹಾಗೂ ಇರಲಿಲ್ಲ, ಸೋತರೂ ನಷ್ಟವಿಲ್ಲ. ಕೋಚ್ ನನ್ನನ್ನು ಕರೆದು, ಈ ಆಟ ನಿನ್ನದು ಎಂದರು. ಅತ್ತೆಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಅವನ್ಗೇನಾಯ್ತ್ಲಾ?"

"ಏನೂ ಆಗಿಲ್ಲ, ಚೆನ್ನಾಗವ್ನೆ. ಸುಮ್ನೆ ನನಗೆ ಬುಟ್ಕೊಟ್ಟವ್ರೆ."

"ಅಂಗಾದ್ರೆ ಸೈ. ನಿಮ್ಮಪ್ಪನ್ ಜೊತೆ ನಾನೂ ಬತ್ತೀನಿ."

ಆಟದ ದಿನ ನಸುಕಿನಲ್ಲಿ ಹಾಲು ಕರೆಯಲು ಎದ್ದವಳು ಕೊಟ್ಟಿಗೆಯಲ್ಲೇ ಕುಸಿದಳು. ಆಸ್ಪತ್ರೆಗೆ ಗಾಡಿ ತರುವಷ್ಟರಲ್ಲಿ ಮುಗಿದಿತ್ತು. ಅಪ್ಪ ಫೋನಿನಲ್ಲಿ, "ಅಕ್ಕ ಹೋಗ್ಬುಟ್ಳು ಕಣ್ಲಾ. ಸಂಜೆ ಒಳಗೆ ಮಣ್ಣು ಮಾಡ್ಬೇಕು. ಅವಳ್ಗೆ ಮಗ ಅಂದ್ರೆ ನೀನೇ. ಆಟ ಐತಲ್ಲ, ಏನ್ ಮಾಡೀಯೆ?" ಎಂದರು. ಬತ್ತೀನಿ ಎಂದೆ. ಕೋಚ್‌ಗೆ ಹೇಳಿ ಮಂಡ್ಯದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಏನು ನೋಡಿದೆನೋ ನೆನಪಿಲ್ಲ.

ಆಲೆಮನೆ ಹಿಂದಿನ ಹೊಲದಲ್ಲಿ ಗುಂಡಿ ತೋಡಿದ್ದರು. ಮೂರು ಹಿಡಿ ಮಣ್ಣು ಹಾಕು ಎಂದರು, ಹಾಕಿದೆ. ಸ್ನಾನ ಮಾಡು ಎಂದರು, ಮಾಡಿದೆ. ಹೆಂಗಸರು ನನ್ನ ಮುಖ ನೋಡಿ, ಹೈದ ಅತ್ತುಬುಟ್ರೆ ಚೆನ್ನಾಗಿತ್ತು ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಸೀಸನ್ ಮುಗಿದ ಮೇಲೆ ತಂಡ ನನ್ನನ್ನು ಉಳಿಸಿಕೊಳ್ಳಲಿಲ್ಲ. ದೊಡ್ಡ ಲೀಗಿನಲ್ಲಿ ನಾನು ಆಡಬಹುದಾಗಿದ್ದ ಒಂದೇ ಆಟ ಅದು, ಹೋಯಿತು.

ಮಣ್ಣು ಮಾಡಿದ ಸಂಜೆ ಜಗಲಿಯಲ್ಲಿ ಕೂತಿದ್ದಾಗ ಗೋವಾದವನ ಫೋನ್ ಬಂತು. ಮೈದಾನಕ್ಕೆ ಇಳಿಯುವ ಮುಂಚೆ ಮಾಡಿದ್ದ. ನಿನ್ನ ಜಾಗದಲ್ಲಿ ನಿಲ್ಲಲು ಮನಸ್ಸು ಬರುತ್ತಿಲ್ಲ ಎಂದ. ಎರಡನೇ ಕೀಪರ್ ಆದವನು ಮೊದಲನೆಯವನ ಕಾಲು ಉಳುಕಲಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಹುಷಾರಾಗಿ ಆಡು. ಏಟು ಮಾಡ್ಕೋಬೇಡ" ಎಂದೆ.

ನಿಜವಾಗಿಯೂ ಏಟಾಗದಿರಲಿ ಎಂದುಕೊಂಡೇ ಅಂದೆ. ಅವತ್ತು ಇಡೀ ದಿನ ನನ್ನೊಳಗೆ ಇದ್ದದ್ದು ಅದೊಂದೇ ಮಾತು. ಅದೂ ಅತ್ತೆಯದು.