ಹೊಸ್ತಿಲು ದಾಟದ ದೊಣ್ಣೆ

ಇವತ್ತು ಸಾಗರದ ಶಾಲೆಯೊಂದರ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ದೊಣ್ಣೆ ಬೀಸುವುದನ್ನು ಕಲಿಸುತ್ತಿದ್ದರು. ಬಿದಿರಿಗೆ ಬಿದಿರು ತಾಗುವ ಸದ್ದು ಕೇಳಿ ಸ್ಕೂಟರ್ ನಿಲ್ಲಿಸಿದೆ.

ಈ ವಿದ್ಯೆಯಲ್ಲಿ ನಮ್ಮೂರು ಮೇಳಿಗೆಯಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ, ನಮ್ಮ ಶಾರದಕ್ಕನೊಬ್ಬಳನ್ನು ಬಿಟ್ಟು. ಶಾಲೆಗೆ ಕಾಡುದಾರಿಯಲ್ಲಿ ಹೋಗಬೇಕಿತ್ತೆಂದು ಅಪ್ಪಯ್ಯನೇ ಇಬ್ಬರಿಗೂ ಕಲಿಸಿದ್ದರು. ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ ಗದರುತ್ತಿದ್ದರು: "ತಲೆಗಲ್ಲ ಮಾರಾಯ, ಮಣಿಕಟ್ಟಿಗೆ ಹೊಡಿ! ಕೈಲಿದ್ದದ್ದು ಬಿದ್ಕೂಡ್ಲೆ ಓಡು."

ಒಮ್ಮೆ ದಾರಿಗೆ ಅಡ್ಡ ನಿಂತ ಕುಡುಕನ ಕೈಯ ಕತ್ತಿಯನ್ನು ಅಕ್ಕ ಒಂದೇ ಏಟಿಗೆ ಬೀಳಿಸಿದಳು. ಹೊಡೆದದ್ದು ಅವಳು, ಊರಿಗೆಲ್ಲ ಬಣ್ಣಿಸಿದ್ದು ನಾನು.

ಮನೆಗೆ ಬಂದಮೇಲೆ ದೊಣ್ಣೆ ಜಗಲಿಯಲ್ಲೇ ಇರಬೇಕಿತ್ತು. ಹೊಸ್ತಿಲು ದಾಟಿಸಿದರೆ ಅಪ್ಪಯ್ಯ ಉರಿದುಬೀಳುತ್ತಿದ್ದರು. "ಒಳಗಿರೋರು ನಮ್ಮೋರು. ಅವ್ರ ಮೇಲೆ ದೊಣ್ಣೆ ಎತ್ತಾಂಗಿಲ್ಲ."

ಹೊಸನಗರದ ಕಡೆ ಮದುವೆಯಾಗಿ ಹೋದ ಅಕ್ಕ ಒಂದು ದಿನ ಕಪ್ಪುಗಟ್ಟಿದ ಕೆನ್ನೆಯೊಂದಿಗೆ ಬಂದಳು.

"ಭಾವನ ಮಣಿಕಟ್ಟಿಗೆ ಒಂದು ಬಿಡೋದಲ್ವನೇ?" ಎಂದೆ.

"ಅವ್ರು ಹೊಡೆಯೋದು ಒಳಗೆ ಕಣೋ. ಒಳಗೆ ದೊಣ್ಣೆ ಎತ್ತಾಂಗಿಲ್ಲ ಅಂತ ಅಪ್ಪಯ್ಯನೇ ಹೇಳಿದ್ದಲ್ವಾ?"

ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಲೇ ಕೂತಿದ್ದರು. ಮರುದಿನ ತಾವೇ ಅವಳನ್ನು ಗಂಡನ ಮನೆಗೆ ಬಿಟ್ಟುಬಂದರು. ಆಮೇಲೆ ಬಂದದ್ದು ಅವಳ ಸಾವಿನ ಸುದ್ದಿ. ಬಚ್ಚಲಲ್ಲಿ ಜಾರಿಬಿದ್ದಳಂತೆ. ನಾವು ನಂಬಿದಂತೆ ಇದ್ದುಬಿಟ್ಟೆವು.

ಇವತ್ತು ಮೈದಾನದ ಬೇಲಿಯಾಚೆಯಿಂದಲೇ ಕೂಗಿ ಹೇಳಿದೆ: "ಮೇಷ್ಟ್ರೇ, ಅಡಿಗೆಮನೆ ಒಳಗೆ ಹೆಂಗೆ ಬೀಸದು ಅಂತನೂ ಹೇಳ್ಕೊಡಿ!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ.